ಕೆಳಗೆ ಡೆಸ್ಕ್‌ಟಾಪ್, ಮೇಲೆ ಲ್ಯಾಪ್‌ಟಾಪ್, ನಡುವೆ ಪೆನ್‌ಡ್ರೈವ್ ಹಿಡಿದು ಎಷ್ಟು ಸಲ ಮೆಟ್ಟಿಲು ಹತ್ತುವುದು?

ಪ್ರಶ್ನೆ

ಸರ್, ನಮ್ಮದು ಹಾಸನ ಜಿಲ್ಲೆಯ ಒಂದು ಸಣ್ಣ ಊರು. ನಮ್ಮ ಯಜಮಾನರು ಮದುವೆ ಫೋಟೊ ತೆಗೆಯುತ್ತಾರೆ. ಆಲ್ಬಮ್ ಡಿಸೈನ್, ಲಗ್ನಪತ್ರಿಕೆ ಕೆಲಸ ನನ್ನದು. ಕೆಳಗಿನ ರೂಮಿನಲ್ಲಿ ವಿಂಡೋಸ್ 10 ಇರುವ ಹಳೇ ಡೆಸ್ಕ್‌ಟಾಪ್ ಇದೆ. ಫೋಟೊಗಳೆಲ್ಲ ಅದರಲ್ಲೇ. ನಾನು ಮಹಡಿ ಮೇಲೆ ವಿಂಡೋಸ್ 11 ಪ್ರೊ ಲ್ಯಾಪ್‌ಟಾಪ್‌ನಲ್ಲಿ ಕೆಲಸ ಮಾಡುತ್ತೇನೆ. ಎರಡೂ ವೈಫೈನಲ್ಲಿವೆ. ಒಂದು ಮದುವೆ ಅಂದರೆ 50 ಜಿಬಿ. ಪೆನ್‌ಡ್ರೈವ್ ಹಿಡಿದು ಮೆಟ್ಟಿಲು ಹತ್ತಿ ಇಳಿದು ಸಾಕಾಗಿದೆ. ಯೂಟ್ಯೂಬ್ ನೋಡಿ ಫೋಲ್ಡರ್ ಶೇರ್ ಮಾಡಿದೆವು. ಲ್ಯಾಪ್‌ಟಾಪ್‌ನಲ್ಲಿ ಒಂದೊಂದು ಸಲ ಡೆಸ್ಕ್‌ಟಾಪ್ ಕಾಣುತ್ತದೆ, ಒಂದೊಂದು ಸಲ ಇಲ್ಲವೇ ಇಲ್ಲ. ಕಂಡಾಗ ಯೂಸರ್‌ನೇಮ್, ಪಾಸ್‌ವರ್ಡ್ ಕೇಳುತ್ತದೆ. ಡೆಸ್ಕ್‌ಟಾಪ್‌ಗೆ ಪಾಸ್‌ವರ್ಡೇ ಇಲ್ಲ! ಲ್ಯಾಪ್‌ಟಾಪ್‌ನ ಪಿನ್ ಹಾಕಿದರೆ ತಪ್ಪು ಅನ್ನುತ್ತದೆ. ಅಣ್ಣನ ಮಗ ಬಂದು ಪಾಸ್‌ವರ್ಡ್ ಕೇಳುವುದನ್ನೇ ಆಫ್ ಮಾಡಿದ, ಫೈರ್‌ವಾಲ್ ಆಫ್ ಮಾಡಿದ, ಎಸ್‌ಎಂಬಿ 1 ಅಂತ ಏನೋ ಆನ್ ಮಾಡಿದ. ಆದರೂ ಆಗಲಿಲ್ಲ. ಮೇಲೆ ಸಿಗ್ನಲ್ ಬರುವುದಿಲ್ಲ ಅಂತ ಇನ್ನೊಂದು ರೂಟರ್ ಹಾಕಿದ್ದೇವೆ. ಹಿಂದಿನ ಮನೆಯಲ್ಲಿ ಬಾಡಿಗೆಗೆ ಇರುವ ಹುಡುಗರಿಗೂ ನಮ್ಮ ವೈಫೈ ಪಾಸ್‌ವರ್ಡ್ ಕೊಟ್ಟಿದ್ದೇವೆ. ಹೀಗೆ ಫೈಲ್ ಕಳಿಸಿದರೆ ನೆಟ್ ಪ್ಯಾಕ್ ಖಾಲಿ ಆಗುತ್ತಾ? ವೈರಸ್ ಬರುತ್ತಾ? ಬೇರೆ ಮೆಷಿನ್ ಏನಾದರೂ ಕೊಳ್ಳಬೇಕಾ? ಇನ್ನೊಂದು ವಿಷಯ. ಕೆಳಗೆ ನುಡಿಯಲ್ಲಿ ಟೈಪ್ ಮಾಡಿದ ಲಗ್ನಪತ್ರಿಕೆ ಮೇಲೆ ತೆಗೆದರೆ ಅಕ್ಷರವೆಲ್ಲ ಕೆಟ್ಟು ಕಾಣುತ್ತದೆ. ಕಾಪಿ ಮಾಡುವಾಗ ಫೈಲ್ ಹಾಳಾಗುತ್ತಾ?

ಉತ್ತರ

ಮೇಡಂ, ಮುಂದೆ ಓದುವ ಮೊದಲು ಕೆಳಗೆ ಹೋಗಿ ಡೆಸ್ಕ್‌ಟಾಪ್‌ನ ಫೈರ್‌ವಾಲ್, ಅಂದರೆ ಹೊರಗಿನಿಂದ ಬರುವವರನ್ನು ತಡೆಯುವ ಕಾವಲು, ಮತ್ತೆ ಆನ್ ಮಾಡಿ ಬನ್ನಿ. ಎರಡು ನಿಮಿಷದ ಕೆಲಸ. ಉಳಿದದ್ದನ್ನು ನಿಧಾನಕ್ಕೆ ನೋಡೋಣ.

ನಿಮ್ಮ ಅಣ್ಣನ ಮಗನನ್ನು ನಾನು ಬೈಯುವುದಿಲ್ಲ. ಅವನು ಮಾಡಿದ್ದು ಮೂರೂ ವಿಡಿಯೊಗಳಲ್ಲಿ ಹೇಳುವಂಥವೇ. ಆದರೆ ಮೂರರಲ್ಲೂ ಒಂದೇ ಯೋಚನೆ ಇದೆ: ಕೀಲಿ ಸಿಗುತ್ತಿಲ್ಲ, ಬಾಗಿಲನ್ನೇ ಕಿತ್ತುಬಿಡೋಣ. ಬಾಗಿಲು ಕಿತ್ತ ಮೇಲೂ ನಿಮಗೆ ಒಳಗೆ ಹೋಗಲಾಗಲಿಲ್ಲ. ಯಾಕೆಂದರೆ ತೊಂದರೆ ಇದ್ದದ್ದು ಬೇರೆ ಕಡೆ.

ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ಗಂಟುಗಳು ಒಂದಕ್ಕೊಂದು ಸಿಕ್ಕಿಹಾಕಿಕೊಂಡಿವೆ. ಎರಡು ರೂಟರ್ ಒಂದು. ಪಾಸ್‌ವರ್ಡ್ ಇಲ್ಲದ ಡೆಸ್ಕ್‌ಟಾಪ್ ಇನ್ನೊಂದು. ಮೂರನೆಯದು ನೀವು ಇನ್ನೂ ನೋಡಿಲ್ಲ, ಎಲ್ಲ ಸರಿಹೋದ ದಿನ ಎದುರಾಗುತ್ತದೆ: 50 ಜಿಬಿ ಹೋಗಲು ಹಿಡಿಯುವ ಸಮಯ. ಒಂದು ಗಂಟು ಬಿಚ್ಚಿದ ಮೇಲೆ ಇನ್ನೊಂದಕ್ಕೆ ಕೈ ಹಾಕಿದರೆ ಯಾವುದೂ ಕಷ್ಟವಲ್ಲ.

ಅದಕ್ಕೂ ಮುಂಚೆ ನೆಟ್ ಪ್ಯಾಕ್ ವಿಷಯ ಮುಗಿಸಿಬಿಡುತ್ತೇನೆ. ಖಾಲಿ ಆಗುವುದಿಲ್ಲ. ಡೆಸ್ಕ್‌ಟಾಪ್‌ನಿಂದ ಹೊರಟ ಫೋಟೊ ರೂಟರ್‌ಗೆ ಬಂದು, ಅಲ್ಲಿಂದ ತಿರುಗಿ ಮೇಲಿನ ಲ್ಯಾಪ್‌ಟಾಪ್‌ಗೆ ಹೋಗುತ್ತದೆ. ಮನೆಯ ಗೇಟು ದಾಟುವುದೇ ಇಲ್ಲ. ಇಂಟರ್ನೆಟ್ ಪೂರ್ತಿ ಬಂದ್ ಆದ ದಿನವೂ ರೂಟರ್‌ಗೆ ಕರೆಂಟ್ ಇದ್ದರೆ ನಿಮ್ಮ ಫೈಲುಗಳು ಓಡಾಡುತ್ತವೆ.

ಒಂದೊಂದು ಸಲ ಕಾಣುವುದು, ಒಂದೊಂದು ಸಲ ಇಲ್ಲ

ಈ ಮಾತು ಓದಿದ ಕೂಡಲೇ ನನಗೆ ಎರಡನೇ ರೂಟರ್ ಮೇಲೆ ಅನುಮಾನ ಬಂತು. ರಿಪೇರಿಗೆ ಹೋದ ಕಡೆಯೆಲ್ಲ ನೋಡಿದ್ದೇನೆ. ಮೇಲೆ ಸಿಗ್ನಲ್ ಬರುವುದಿಲ್ಲ ಅಂತ ಹೊಸ ರೂಟರ್ ತರುತ್ತಾರೆ. ಕೆಳಗಿನ ರೂಟರ್‌ನಿಂದ ಒಂದು ಕೇಬಲ್ ಎಳೆದು ಅದರ ವ್ಯಾನ್ ಪೋರ್ಟ್‌ಗೆ, ಅಂದರೆ ಇಂಟರ್ನೆಟ್ ಕೇಬಲ್‌ಗೆ ಮೀಸಲಾದ ತೂತಿಗೆ, ಚುಚ್ಚುತ್ತಾರೆ. ಇಂಟರ್ನೆಟ್ ಬರುತ್ತದೆ. ಎಲ್ಲರಿಗೂ ಖುಷಿ. ಆದರೆ ಆ ಗಳಿಗೆಯಿಂದ ನಿಮ್ಮ ಮನೆಯಲ್ಲಿ ಇರುವುದು ಎರಡು ಬೇರೆ ಬೇರೆ ನೆಟ್‌ವರ್ಕ್. ಎರಡನೇ ರೂಟರ್ ತನ್ನ ಹಿಂದೆ ಇರುವವರನ್ನೆಲ್ಲ ಮರೆಮಾಡಿ, ಅವರ ಪರವಾಗಿ ತಾನೇ ಹೊರಗೆ ಮಾತಾಡುತ್ತದೆ.

ನೀವೇ ಪರೀಕ್ಷೆ ಮಾಡಿ. ಎರಡೂ ಕಂಪ್ಯೂಟರ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ, ವೈಫೈ ಹೆಸರಿನ ಪ್ರಾಪರ್ಟೀಸ್ ತೆಗೆಯಿರಿ. ಐಪಿವಿ4 ಅಡ್ರೆಸ್ ಅಂತ ನಾಲ್ಕು ತುಂಡಿನ ಒಂದು ನಂಬರ್ ಇರುತ್ತದೆ. ಕೆಳಗೆ 192.168.1.5 ಅಂತ ಇದ್ದು ಮೇಲೆ 192.168.0.7 ಅಂತ ಇದ್ದರೆ, ಮೂರನೇ ತುಂಡು ಬೇರೆಯಾಯಿತು. ಅಲ್ಲಿಗೆ ಕಳ್ಳ ಸಿಕ್ಕ. ಲ್ಯಾಪ್‌ಟಾಪ್ ಮೇಲಿನ ವೈಫೈ ಹಿಡಿದಾಗ ಡೆಸ್ಕ್‌ಟಾಪ್‌ನ ಹೆಸರು ಅದಕ್ಕೆ ಕೇಳಿಸುವುದಿಲ್ಲ. ಮೆಟ್ಟಿಲ ಹತ್ತಿರ ಕೂತಾಗಲೋ ಏನೋ ಕೆಳಗಿನ ವೈಫೈ ಹಿಡಿಯುತ್ತದೆ. ಆಗ ಕಾಣುತ್ತದೆ. ನಿಮ್ಮ 'ಒಂದೊಂದು ಸಲ'ದ ಗುಟ್ಟು ಇಷ್ಟೇ.

ಸರಿ ಮಾಡುವುದು ಹೇಗೆ? ಎರಡನೇ ರೂಟರ್‌ನ ಸೆಟ್ಟಿಂಗ್ ಪುಟದಲ್ಲಿ ಆಪರೇಷನ್ ಮೋಡ್ ಅಂತ ಇದೆಯಾ ನೋಡಿ. ಇದ್ದರೆ 'ಆಕ್ಸೆಸ್ ಪಾಯಿಂಟ್' ಆರಿಸಿ ಸೇವ್ ಮಾಡಿ. ಆಮೇಲೆ ಅದು ಬರೀ ಸಿಗ್ನಲ್ ಹಂಚುತ್ತದೆ, ಅಡ್ಡ ನಿಲ್ಲುವುದಿಲ್ಲ. ಆ ಆಯ್ಕೆ ಇಲ್ಲದ ಹಳೇ ರೂಟರ್ ಆದರೆ ಮೂರು ಕೆಲಸ ಇದೆ. ಅದರ ಸ್ವಂತ ಅಡ್ರೆಸ್ಸನ್ನು ಮೊದಲ ರೂಟರ್‌ನ ಸಾಲಿಗೆ ಬದಲಾಯಿಸಬೇಕು, ಉದಾಹರಣೆಗೆ 192.168.1.2. ಆ ನಂಬರ್ ಬೇರೆ ಯಾರಿಗೂ ಹೋಗಿರಬಾರದು. ಕಂಪ್ಯೂಟರ್‌ಗಳಿಗೆ ನಂಬರ್ ಹಂಚುವ ಡಿಎಚ್‌ಸಿಪಿ ಆಫ್ ಮಾಡಬೇಕು. ಕೇಬಲ್ಲನ್ನು ವ್ಯಾನ್‌ನಿಂದ ತೆಗೆದು ಮನೆಯ ಕಂಪ್ಯೂಟರ್‌ಗಳಿಗೆ ಇರುವ ಲ್ಯಾನ್ ಪೋರ್ಟ್‌ಗೆ ಹಾಕಬೇಕು. ಇದನ್ನು ನಿಮ್ಮ ಕೇಬಲ್ ಹುಡುಗನಿಗೆ ಓದಿ ಹೇಳಿ, ಹತ್ತು ನಿಮಿಷದಲ್ಲಿ ಮಾಡಿಕೊಡುತ್ತಾನೆ.

ಇಷ್ಟಾದ ಮೇಲೂ ಎಕ್ಸ್‌ಪ್ಲೋರರ್‌ನ 'ನೆಟ್‌ವರ್ಕ್' ಕಿಟಕಿಯಲ್ಲಿ ಡೆಸ್ಕ್‌ಟಾಪ್ ಕಾಣದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಆ ಕಿಟಕಿ ನಂಬಿಕಸ್ತನಲ್ಲ. ಅಲ್ಲಿ ಕಾಣದ ಕಂಪ್ಯೂಟರ್ ಕೂಡ ಕರೆದರೆ ಓಗೊಡುತ್ತದೆ. ಅಡ್ರೆಸ್ ಬಾರ್‌ನಲ್ಲಿ ಎರಡು ಹಿಂದಿನ ಗೆರೆ ಹಾಕಿ ನಂಬರ್ ಬರೆದು ಎಂಟರ್ ಒತ್ತಿ, \\192.168.1.5 ಅಂತ. ನಂಬರ್ ಬದಲು ಡೆಸ್ಕ್‌ಟಾಪ್‌ನ ಹೆಸರೂ ಆಗುತ್ತದೆ, ಅದೇ ಒಳ್ಳೆಯದು. ರೂಟರ್ ಆಫ್ ಆಗಿ ಆನ್ ಆದಾಗ ನಂಬರ್ ಬದಲಾಗಬಹುದು, ಹೆಸರು ಬದಲಾಗುವುದಿಲ್ಲ.

ಡೆಸ್ಕ್‌ಟಾಪ್‌ನಲ್ಲಿ ಇನ್ನೊಂದು ಜಾಗ ನೋಡಬೇಕು. ಅದೇ ಪ್ರಾಪರ್ಟೀಸ್ ಪುಟದಲ್ಲಿ ಪಬ್ಲಿಕ್, ಪ್ರೈವೇಟ್ ಅಂತ ಎರಡು ಗುಂಡಿ ಇರುತ್ತವೆ. ಪಬ್ಲಿಕ್ ಅಂದರೆ ವಿಂಡೋಸ್ ಲೆಕ್ಕದಲ್ಲಿ ನೀವು ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದೀರಿ. ಯಾರು ಕೂಗಿದರೂ ಅದು ತಿರುಗಿ ನೋಡುವುದಿಲ್ಲ. ಮನೆಯ ವೈಫೈಗೆ ಪ್ರೈವೇಟ್ ಮಾಡಿ. ಹೆಚ್ಚಿನವರು ಫೈರ್‌ವಾಲ್ ಆಫ್ ಮಾಡುವುದು ಈ ಒಂದು ಗುಂಡಿ ಗೊತ್ತಿಲ್ಲದೆ. ಪ್ರೈವೇಟ್ ಮಾಡಿ, ಫೈಲ್ ಶೇರಿಂಗ್ ಆನ್ ಇದ್ದರೆ ಫೈರ್‌ವಾಲ್ ಫೈಲುಗಳಿಗೆ ತಾನಾಗಿಯೇ ದಾರಿ ಬಿಡುತ್ತದೆ. ಬೇರೆ ಕಂಪನಿಯ ಆಂಟಿವೈರಸ್ ಹಾಕಿದ್ದರೆ ಅದರದ್ದೇ ಇನ್ನೊಂದು ಫೈರ್‌ವಾಲ್ ಇರಬಹುದು. ಅದರಲ್ಲೂ ಮನೆ ನೆಟ್‌ವರ್ಕ್ ಅಂತ ಹೇಳಬೇಕು.

ಪಾಸ್‌ವರ್ಡ್ ಇಲ್ಲದ ಕಂಪ್ಯೂಟರ್ ಪಾಸ್‌ವರ್ಡ್ ಕೇಳುವುದು ಯಾಕೆ

ಇದು ನನಗೆ ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ. ಡೆಸ್ಕ್‌ಟಾಪ್ ಆನ್ ಮಾಡಿದರೆ ಸೀದಾ ಒಳಗೆ ಹೋಗುತ್ತದೆ, ಹಾಗಾದರೆ ನೆಟ್‌ವರ್ಕಿನಲ್ಲಿ ಯಾವ ಪಾಸ್‌ವರ್ಡ್ ಕೇಳುತ್ತಿದೆ?

ವಿಂಡೋಸ್‌ನಲ್ಲಿ ಒಂದು ನಿಯಮ ಇದೆ. ಪಾಸ್‌ವರ್ಡ್ ಇಲ್ಲದ ಖಾತೆಯನ್ನು ಆ ಕಂಪ್ಯೂಟರಿನ ಮುಂದೆ ಕೂತವರು ಮಾತ್ರ ಬಳಸಬಹುದು. ದೂರದಿಂದ, ನೆಟ್‌ವರ್ಕ್ ಮೂಲಕ, ಆ ಖಾತೆಯಲ್ಲಿ ಬರಲು ಬಿಡುವುದಿಲ್ಲ. ನೀವು ಪಾಸ್‌ವರ್ಡ್ ಜಾಗ ಖಾಲಿ ಬಿಟ್ಟು ಎಷ್ಟು ಸಲ ಎಂಟರ್ ಒತ್ತಿದರೂ ಇಲ್ಲ ಅನ್ನುತ್ತದೆ. ಇದು ದೋಷ ಅಲ್ಲ, ಬೇಕಂತಲೇ ಮಾಡಿದ್ದು.

ಪಿನ್ ಯಾಕೆ ನಡೆಯಲಿಲ್ಲ? ಒಂದು, ಅದು ಲ್ಯಾಪ್‌ಟಾಪ್‌ನ ಪಿನ್. ಕೇಳುತ್ತಿರುವುದು ಡೆಸ್ಕ್‌ಟಾಪ್. ಪಕ್ಕದ ಮನೆಯ ಬೀಗಕ್ಕೆ ನಿಮ್ಮ ಮನೆ ಕೀಲಿ ಹಾಕಿದಂತೆ. ಎರಡು, ಡೆಸ್ಕ್‌ಟಾಪ್‌ಗೇ ಒಂದು ಪಿನ್ ಇದ್ದಿದ್ದರೂ ನಡೆಯುತ್ತಿರಲಿಲ್ಲ. ಪಿನ್ ಆ ಮೆಷಿನ್ನಿಗೆ ಮಾತ್ರ ಅಂಟಿಕೊಂಡಿರುತ್ತದೆ, ಅದು ತಂತಿಯ ಮೇಲೆ ಪ್ರಯಾಣ ಮಾಡುವುದಿಲ್ಲ. ನೆಟ್‌ವರ್ಕಿನಲ್ಲಿ ಕೇಳಿದಾಗ ಪಾಸ್‌ವರ್ಡೇ ಬೇಕು.

ಇನ್ನು ಪಾಸ್‌ವರ್ಡ್ ಕೇಳುವುದನ್ನು ಆಫ್ ಮಾಡಿದರೂ ಆಗಲಿಲ್ಲ ಅಂದಿರಿ. ಹಿಂದೆ ಆಗುತ್ತಿತ್ತು. ಹೆಸರು ಹೇಳದೆ 'ಗೆಸ್ಟ್' ಅಂತ ಒಳಗೆ ಹೋಗಬಹುದಿತ್ತು. 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಪ್ರೊ ಲ್ಯಾಪ್‌ಟಾಪ್‌ಗಳು ಹಾಗೆ ಗೆಸ್ಟ್ ಆಗಿ ಹೋಗಲು ತಾವೇ ಒಪ್ಪುವುದಿಲ್ಲ. ಕೆಳಗಿನ ಡೆಸ್ಕ್‌ಟಾಪ್ ಬಾಗಿಲು ತೆರೆದು ಕೂತರೂ ನಿಮ್ಮ ಲ್ಯಾಪ್‌ಟಾಪ್ ಹೊಸಿಲು ದಾಟುತ್ತಿಲ್ಲ. ಇದನ್ನೂ ಮುರಿಯುವ ಉಪಾಯ ವಿಡಿಯೊಗಳಲ್ಲಿ ಇದೆ. ಮಾಡಬೇಡಿ. ನಿಮ್ಮ ವೈಫೈ ಪಾಸ್‌ವರ್ಡ್ ಬಾಡಿಗೆ ಹುಡುಗರ ಹತ್ತಿರ ಇದೆ. ಪಾಸ್‌ವರ್ಡ್ ತೆಗೆದ ಫೋಲ್ಡರ್ ಅವರಿಗೂ ಕಾಣುತ್ತದೆ, ಅವರ ಮನೆಗೆ ಬಂದ ಸ್ನೇಹಿತರಿಗೂ ಕಾಣುತ್ತದೆ. ಒಳಗಿರುವುದು ಬೇರೆಯವರ ಮನೆಯ ಮದುವೆ ಫೋಟೊ ಅಲ್ವಾ?

ಮಾಡಬೇಕಾದ್ದು ಇದು. ಡೆಸ್ಕ್‌ಟಾಪ್‌ನಲ್ಲಿ ಪಾಸ್‌ವರ್ಡ್ ಪ್ರೊಟೆಕ್ಟೆಡ್ ಶೇರಿಂಗ್ ಅನ್ನು ಮತ್ತೆ ಆನ್ ಮಾಡಿ. ಆಮೇಲೆ ಸೆಟ್ಟಿಂಗ್ಸ್, ಅಕೌಂಟ್ಸ್, ಫ್ಯಾಮಿಲಿ ಅಂಡ್ ಅದರ್ ಯೂಸರ್ಸ್‌ಗೆ ಹೋಗಿ ಹೊಸಬರನ್ನು ಸೇರಿಸಿ ಅನ್ನಿ. ಅದು ಇಮೇಲ್ ಕೇಳುತ್ತದೆ. ಕೊಡಬೇಡಿ. 'ಈ ವ್ಯಕ್ತಿಯ ಸೈನ್ ಇನ್ ಮಾಹಿತಿ ನನ್ನ ಬಳಿ ಇಲ್ಲ' ಅನ್ನುವ ಸಣ್ಣ ಅಕ್ಷರದ ಸಾಲು ಒತ್ತಿ. ಮುಂದಿನ ಪುಟದಲ್ಲಿ 'ಮೈಕ್ರೋಸಾಫ್ಟ್ ಖಾತೆ ಇಲ್ಲದೆ ಸೇರಿಸಿ' ಅನ್ನುವ ಇನ್ನೊಂದು ಸಣ್ಣ ಸಾಲು ಇರುತ್ತದೆ, ಅದನ್ನು ಒತ್ತಿ. ಹೆಸರು ಇಂಗ್ಲಿಷ್ ಅಕ್ಷರದಲ್ಲಿ 'ಆಲ್ಬಮ್' ಅಂತ ಇಡಿ. ಒಂದು ಗಟ್ಟಿ ಪಾಸ್‌ವರ್ಡ್ ಕೊಡಿ. ಮೂರು ಗುಟ್ಟಿನ ಪ್ರಶ್ನೆ ಕೇಳುತ್ತದೆ, ಏನೋ ಒಂದು ಉತ್ತರ ಕೊಟ್ಟು ಮುಗಿಸಿ. ಪಾಸ್‌ವರ್ಡನ್ನು ಡೈರಿಯಲ್ಲಿ ಬರೆದಿಡಿ. ಮಾನಿಟರ್ ಮೇಲೆ ಚೀಟಿ ಅಂಟಿಸಬೇಡಿ.

ಈ ಖಾತೆಯಲ್ಲಿ ಯಾರೂ ಕೂತು ಕೆಲಸ ಮಾಡುವುದಿಲ್ಲ. ಇದು ಲ್ಯಾಪ್‌ಟಾಪ್ ಒಳಗೆ ಬರಲು ಕೊಟ್ಟ ಕೀಲಿ, ಅಷ್ಟೇ. ಯಜಮಾನರ ಖಾತೆಗೆ ಪಾಸ್‌ವರ್ಡ್ ಹಾಕಲೇಬೇಕು ಅಂತಿಲ್ಲ. ಆದರೆ ಅವರಿಗೆ ಮೊದಲೇ ಹೇಳಿಡಿ: ನಾಳೆಯಿಂದ ಡೆಸ್ಕ್‌ಟಾಪ್ ಆನ್ ಮಾಡಿದಾಗ ಸೀದಾ ಒಳಗೆ ಹೋಗದೆ ಎರಡು ಹೆಸರು ತೋರಿಸಿ ನಿಲ್ಲುತ್ತದೆ, ತಮ್ಮ ಹೆಸರಿನ ಮೇಲೆ ಒತ್ತಬೇಕು. ಹೇಳದೆ ಬಿಟ್ಟರೆ ವೈರಸ್ ಬಂತು ಅಂತ ನನಗೇ ಫೋನ್ ಬರುತ್ತದೆ.

ಆಮೇಲೆ ಫೋಲ್ಡರ್ ಮೇಲೆ ಬಲಗಡೆ ಕ್ಲಿಕ್, ಪ್ರಾಪರ್ಟೀಸ್, ಶೇರಿಂಗ್. ಅಲ್ಲಿ 'ಶೇರ್' ಮತ್ತು 'ಅಡ್ವಾನ್ಸ್‌ಡ್ ಶೇರಿಂಗ್' ಅಂತ ಎರಡು ಬಟನ್ ಇವೆ. ಸಾದಾ 'ಶೇರ್' ಒತ್ತಿ. ವಿಂಡೋಸ್‌ನಲ್ಲಿ ಅನುಮತಿಗೆ ಎರಡು ಕಡೆ ಲೆಕ್ಕ ಇರುತ್ತದೆ. ನೆಟ್‌ವರ್ಕಿನ ಬಾಗಿಲಲ್ಲಿ ಒಂದು, ಡಿಸ್ಕಿನ ಫೋಲ್ಡರಿನಲ್ಲಿ ಒಂದು. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ಸಾದಾ ಬಟನ್ ಎರಡನ್ನೂ ಒಟ್ಟಿಗೆ ಸರಿ ಮಾಡುತ್ತದೆ. ಅಡ್ವಾನ್ಸ್‌ಡ್‌ನಲ್ಲಿ ಒಂದನ್ನು ಬಿಚ್ಚಿ ಇನ್ನೊಂದನ್ನು ಮರೆತು, ಫೋಲ್ಡರ್ ಕಾಣುತ್ತೆ ಒಳಗೆ ಬಿಡಲ್ಲ ಅಂತ ಒದ್ದಾಡುವವರು ತುಂಬ ಜನ.

ಲ್ಯಾಪ್‌ಟಾಪ್‌ನಲ್ಲಿ ಹೆಸರು ಕೇಳಿದಾಗ ಮೊದಲು ಡೆಸ್ಕ್‌ಟಾಪ್‌ನ ಹೆಸರು, ಒಂದು ಹಿಂದಿನ ಗೆರೆ, ಆಮೇಲೆ 'ಆಲ್ಬಮ್' ಬರೆಯಿರಿ. ಬರೀ 'ಆಲ್ಬಮ್' ಅಂದರೆ ಲ್ಯಾಪ್‌ಟಾಪ್ ಅದನ್ನು ತನ್ನದೇ ಖಾತೆ ಅಂದುಕೊಳ್ಳಬಹುದು. ನೆನಪಿಟ್ಟುಕೋ ಅನ್ನುವ ಟಿಕ್ ಹಾಕಿ. ಹಿಂದೆ ಏನೇನೋ ಹಾಕಿ ನೋಡಿದ್ದೀರಿ, ಅದರಲ್ಲಿ ತಪ್ಪಾದದ್ದು ಯಾವುದಾದರೂ ನೆನಪಿನಲ್ಲಿ ಉಳಿದಿದ್ದರೆ ಕಂಟ್ರೋಲ್ ಪ್ಯಾನೆಲ್‌ನ ಕ್ರೆಡೆನ್ಷಿಯಲ್ ಮ್ಯಾನೇಜರ್‌ಗೆ ಹೋಗಿ ಡೆಸ್ಕ್‌ಟಾಪ್ ಹೆಸರಿನ ಸಾಲು ಅಳಿಸಿ, ಮತ್ತೆ ಪ್ರಯತ್ನಿಸಿ.

ಒಮ್ಮೆ ಒಳಗೆ ಹೋದ ಮೇಲೆ 'ಮ್ಯಾಪ್ ನೆಟ್‌ವರ್ಕ್ ಡ್ರೈವ್' ಅಂತ ಕೊಟ್ಟರೆ ಅದು ಜೆಡ್ ಡ್ರೈವ್ ಆಗಿ ಲ್ಯಾಪ್‌ಟಾಪ್‌ನಲ್ಲೇ ಕೂರುತ್ತದೆ. ಡೆಸ್ಕ್‌ಟಾಪ್ ನಿದ್ದೆ ಹೋಗದಂತೆ ಪವರ್ ಸೆಟ್ಟಿಂಗ್ ಬದಲಾಯಿಸಿ. ಮಲಗಿದ ಕಂಪ್ಯೂಟರ್ ಫೈಲ್ ಕೊಡುವುದಿಲ್ಲ. ಹಳೇ ವಿಡಿಯೊಗಳಲ್ಲಿ ಹೇಳುವ ಹೋಮ್‌ಗ್ರೂಪ್ ಹುಡುಕಬೇಡಿ, 2018ರಲ್ಲೇ ಅದನ್ನು ತೆಗೆದುಹಾಕಿದ್ದಾರೆ.

ಎಸ್‌ಎಂಬಿ 1 ಮತ್ತು ವೈರಸ್ ಭಯ

ವಿಂಡೋಸ್ ಕಂಪ್ಯೂಟರ್‌ಗಳು ಫೈಲ್ ಹಂಚಿಕೊಳ್ಳುವಾಗ ಆಡುವ ಭಾಷೆಯ ಹೆಸರು ಎಸ್‌ಎಂಬಿ. ಅದರ ಒಂದನೇ ಆವೃತ್ತಿ ತುಂಬ ಹಳೆಯದು. ವಿಂಡೋಸ್ ಎಕ್ಸ್‌ಪಿಗೆ ಅದೊಂದೇ ಬರುತ್ತಿತ್ತು. ವಿಸ್ಟಾದಿಂದ ಎರಡನೆಯದು ಬಂತು, ವಿಂಡೋಸ್ 8ರಿಂದ ಮೂರನೆಯದು. ನಿಮ್ಮ 10 ಮತ್ತು 11 ತಮ್ಮತಮ್ಮಲ್ಲಿ ಮೂರನೆಯದರಲ್ಲೇ ಮಾತಾಡುತ್ತವೆ. ಒಂದನೆಯದು ನಿಮಗೆ ಯಾವ ಕೆಲಸಕ್ಕೂ ಬೇಡ.

ಬೇಡದ್ದು ಇದ್ದರೆ ಏನು ಅನ್ನಬೇಡಿ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಅನ್ನುವ ವೈರಸ್ ಪ್ರಪಂಚವೆಲ್ಲ ಹಬ್ಬಿತಲ್ಲ, ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳ ಕಂಪ್ಯೂಟರ್‌ಗಳು ಕೂಡ ನಿಂತುಹೋದವಲ್ಲ, ಅದು ಕಂಪ್ಯೂಟರ್‌ನಿಂದ ಕಂಪ್ಯೂಟರ್‌ಗೆ ಜಿಗಿದದ್ದು ಎಸ್‌ಎಂಬಿ 1ರ ಒಂದು ಬಿರುಕಿನಿಂದ. ಮೈಕ್ರೋಸಾಫ್ಟ್ ಅದಕ್ಕೆ ತೇಪೆ ಕೊಟ್ಟದ್ದು ಅದೇ ವರ್ಷ ಮಾರ್ಚ್‌ನಲ್ಲಿ. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಅದೇ ವರ್ಷದ ಕೊನೆಯ ಅಪ್‌ಡೇಟ್‌ನಿಂದ, ಹೊಸದಾಗಿ ಹಾಕಿದ ವಿಂಡೋಸ್ 10ರಲ್ಲಿ ಎಸ್‌ಎಂಬಿ 1 ಆನ್ ಆಗಿ ಬರುವುದನ್ನು ನಿಲ್ಲಿಸಿದರು. ನಿಮ್ಮ ಅಣ್ಣನ ಮಗ ಹುಡುಕಿ ಆನ್ ಮಾಡಿದ್ದು ಅದನ್ನೇ. 'ಟರ್ನ್ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್' ಅಂತ ಹುಡುಕಿ, ಎಸ್‌ಎಂಬಿ 1.0 ಮುಂದಿನ ಟಿಕ್ ತೆಗೆದು ರೀಸ್ಟಾರ್ಟ್ ಮಾಡಿ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಆದ್ದರಿಂದ ಆ ಡೆಸ್ಕ್‌ಟಾಪ್ ವಿಷಯದಲ್ಲಿ ಇನ್ನೂ ಸ್ವಲ್ಪ ಜಾಸ್ತಿ ಹುಷಾರಿರಿ.

ಫೋಲ್ಡರ್ ಶೇರ್ ಮಾಡಿದ ಮಾತ್ರಕ್ಕೆ ವೈರಸ್ ಬರುವುದಿಲ್ಲ. ಆದರೆ ಲ್ಯಾಪ್‌ಟಾಪ್‌ಗೆ ಏನಾದರೂ ಹೊಕ್ಕಿದರೆ, ಲ್ಯಾಪ್‌ಟಾಪ್‌ಗೆ ಎಲ್ಲೆಲ್ಲಿ ಬರೆಯುವ ಅನುಮತಿ ಇದೆಯೋ ಅಲ್ಲೆಲ್ಲ ಅದೂ ಬರೆಯಬಹುದು. ಫೈಲುಗಳನ್ನೆಲ್ಲ ಬೀಗ ಹಾಕಿ ದುಡ್ಡು ಕೇಳುವ ರ್‍ಯಾನ್ಸಮ್‌ವೇರ್‌ಗೆ ನಿಮ್ಮ ಜೆಡ್ ಡ್ರೈವ್ ಕೂಡ ಇನ್ನೊಂದು ಡ್ರೈವ್, ಅಷ್ಟೇ.

ಅದಕ್ಕೇ ನಾನು ಎಲ್ಲರಿಗೂ ಹೇಳುವುದು: ಎರಡು ಫೋಲ್ಡರ್ ಮಾಡಿ. ಒಂದಕ್ಕೆ 'ಮೂಲ' ಅಂತ ಹೆಸರಿಡಿ. ಕ್ಯಾಮೆರಾದಿಂದ ಬಂದ ಫೋಟೊಗಳು ಅದರಲ್ಲಿ. 'ಆಲ್ಬಮ್' ಖಾತೆಗೆ ಅಲ್ಲಿ 'ರೀಡ್' ಮಾತ್ರ ಕೊಡಿ. ಇನ್ನೊಂದು 'ಮುಗಿದದ್ದು'. ನೀವು ಡಿಸೈನ್ ಮಾಡಿದ ಹಾಳೆಗಳು ಅದಕ್ಕೆ. ಅಲ್ಲಿ 'ರೀಡ್/ರೈಟ್' ಕೊಡಿ. ಸಿ ಡ್ರೈವ್ ಪೂರ್ತಿ ಶೇರ್ ಮಾಡುವ ಯೋಚನೆ ಯಾರು ಕೊಟ್ಟರೂ ಬೇಡ.

ಇದರ ಹಿಂದೆ ಒಂದು ಕಹಿ ನೆನಪು ಇದೆ. ಒಂದು ಸ್ಟುಡಿಯೊದಲ್ಲಿ ಎಲ್ಲರಿಗೂ ಪೂರ್ತಿ ಅನುಮತಿ ಇಟ್ಟಿದ್ದರು. ಕೆಲಸದ ಹುಡುಗ ಲ್ಯಾಪ್‌ಟಾಪ್‌ನಲ್ಲಿ ಕೂತು ಜಾಗ ಮಾಡಲು ಹೋಗಿ ನೆಟ್‌ವರ್ಕಿನ ಫೋಲ್ಡರ್ ಒಂದನ್ನು ಅಳಿಸಿದ. ತಪ್ಪಾಯಿತು ಅಂತ ಗೊತ್ತಾದ ಕೂಡಲೇ ರಿಸೈಕಲ್ ಬಿನ್ ತೆರೆದ. ಖಾಲಿ. ಡೆಸ್ಕ್‌ಟಾಪ್‌ನಲ್ಲಿ ತೆರೆದ. ಅಲ್ಲೂ ಇಲ್ಲ. ನೆಟ್‌ವರ್ಕ್ ಮೂಲಕ ಅಳಿಸಿದ್ದು ಯಾವ ಕಡೆಯ ರಿಸೈಕಲ್ ಬಿನ್‌ಗೂ ಹೋಗುವುದಿಲ್ಲ, ಸೀದಾ ಹೋಗಿಬಿಡುತ್ತದೆ. ನನ್ನನ್ನು ಕರೆಸುವಷ್ಟರಲ್ಲಿ ಅದೇ ಡಿಸ್ಕಿಗೆ ಇನ್ನೊಂದು ಫಂಕ್ಷನ್ನಿನ ವಿಡಿಯೊ ಕಾಪಿ ಮಾಡಿಬಿಟ್ಟಿದ್ದರು. ರಿಕವರಿ ಸಾಫ್ಟ್‌ವೇರ್ ಹಾಕಿ ರಾತ್ರಿ ಎಲ್ಲ ಕೂತೆ. ಊಟದ ಪಂಕ್ತಿಯ ಫೋಟೊಗಳು ಬಂದವು, ಆರತಕ್ಷತೆ ಬಂತು. ಧಾರೆಯ ಫೋಟೊಗಳಲ್ಲಿ ಅರ್ಧಕ್ಕರ್ಧ ಬೂದು ಪಟ್ಟಿಗಳು. ಮದುವೆ ಮನೆಯವರಿಗೆ ಏನು ಹೇಳಿದರು ಅಂತ ನಾನು ಕೇಳಲಿಲ್ಲ.

ಅದೇ ಕಾರಣಕ್ಕೆ ಇನ್ನೊಂದು ಮಾತು. ನೆಟ್‌ವರ್ಕಿನಲ್ಲಿ ಯಾವತ್ತೂ ಕಟ್ ಮಾಡಿ ಪೇಸ್ಟ್ ಮಾಡಬೇಡಿ, ಕಾಪಿ ಮಾಡಿ. ನಡುವೆ ಕರೆಂಟ್ ಹೋದರೆ ಕಟ್ ಮಾಡಿದ ಫೋಲ್ಡರ್ ಅರ್ಧ ಅಲ್ಲಿ, ಅರ್ಧ ಇಲ್ಲಿ ಉಳಿಯುತ್ತದೆ. ಕಾಪಿ ಆದದ್ದನ್ನು ತೆರೆದು ನೋಡಿ, ಆಮೇಲೆ ಬೇಡದ್ದು ಅಳಿಸಿ. ಶೇರ್ ಮಾಡಿದ್ದು ಬ್ಯಾಕಪ್ ಅಲ್ಲ. ಒಂದು ಹೊರಗಿನ ಹಾರ್ಡ್ ಡಿಸ್ಕಿಗೆ ಪ್ರತಿ ಮದುವೆಯನ್ನೂ ಹಾಕಿ, ಕೇಬಲ್ ಕಿತ್ತು ಬೀರುವಿನಲ್ಲಿಡಿ.

ಬಾಡಿಗೆ ಹುಡುಗರಿಗೆ ನೆಟ್ ಕೊಡುವುದಾದರೆ ರೂಟರ್‌ನಲ್ಲಿ ಗೆಸ್ಟ್ ವೈಫೈ ಆನ್ ಮಾಡಿ ಅದರ ಪಾಸ್‌ವರ್ಡ್ ಕೊಡಿ, ನಿಮ್ಮದನ್ನು ಬದಲಾಯಿಸಿ. ಗೆಸ್ಟ್ ವೈಫೈನಲ್ಲಿ ಇರುವವರಿಗೆ ಇಂಟರ್ನೆಟ್ ಸಿಗುತ್ತದೆ, ಮನೆಯ ಕಂಪ್ಯೂಟರ್‌ಗಳು ಸಿಗುವುದಿಲ್ಲ. ಆದ್ದರಿಂದಲೇ ನಿಮ್ಮ ಲ್ಯಾಪ್‌ಟಾಪ್ ಅಪ್ಪಿತಪ್ಪಿ ಅದನ್ನು ಹಿಡಿಯದಂತೆ ನೋಡಿಕೊಳ್ಳಿ.

50 ಜಿಬಿಗೆ ಎಷ್ಟು ಹೊತ್ತು

ಎಲ್ಲ ಸರಿಯಾಯಿತು ಅಂತಿಟ್ಟುಕೊಳ್ಳಿ. ಮೊದಲ ಮದುವೆ ಕಾಪಿಗೆ ಹಾಕುತ್ತೀರಿ. ಎರಡೂ ಕಂಪ್ಯೂಟರ್ ವೈಫೈನಲ್ಲಿ, ನಡುವೆ ಆರ್‌ಸಿಸಿ ಮೋಲ್ಡ್. ಸೆಕೆಂಡಿಗೆ 5 ಎಂಬಿ ಬಂತು ಅಂದರೆ 50 ಜಿಬಿಗೆ ಎರಡೂಮುಕ್ಕಾಲು ಗಂಟೆ. ಆಗ ನಿಮಗೆ ಪೆನ್‌ಡ್ರೈವೇ ವಾಸಿ ಅನ್ನಿಸುತ್ತದೆ.

ಯಾಕೆ ಇಷ್ಟು ನಿಧಾನ? ಫೋಟೊ ಗಾಳಿಯಲ್ಲಿ ಎರಡು ಸಲ ಹೋಗಬೇಕು, ಡೆಸ್ಕ್‌ಟಾಪ್‌ನಿಂದ ರೂಟರ್‌ಗೆ ಒಂದು ಸಲ, ರೂಟರ್‌ನಿಂದ ಲ್ಯಾಪ್‌ಟಾಪ್‌ಗೆ ಇನ್ನೊಂದು ಸಲ. ಒಂದೇ ಚಾನೆಲ್ ಆದರೆ ಒಬ್ಬರು ಮಾತಾಡುವಾಗ ಇನ್ನೊಬ್ಬರು ಸುಮ್ನೆ ಇರಬೇಕು. ವೇಗ ಅಲ್ಲೇ ಅರ್ಧ. 5 ಗಿಗಾಹರ್ಟ್ಸ್ ವೈಫೈ ವೇಗ ಜಾಸ್ತಿ, ಆದರೆ ಮೋಲ್ಡ್ ದಾಟುವಾಗ ಸೋಲುತ್ತದೆ.

ಇದಕ್ಕೆ ಔಷಧಿ ಕೇಬಲ್. ಡೆಸ್ಕ್‌ಟಾಪ್ ಎಲ್ಲೂ ಓಡಾಡುವುದಿಲ್ಲವಲ್ಲ, ಅದನ್ನು ರೂಟರ್‌ಗೆ ಕೇಬಲ್‌ನಲ್ಲಿ ಜೋಡಿಸಿಬಿಡಿ. ಆಗ ಗಾಳಿಯ ಪ್ರಯಾಣ ಒಂದೇ ಸಲ. ಮೇಲಿನ ರೂಟರ್‌ಗೆ ಹೇಗೂ ಕೇಬಲ್ ಹೋಗಿದೆ ಅಂದರೆ ಲ್ಯಾಪ್‌ಟಾಪ್ಪನ್ನೂ ಕಾಪಿ ಮಾಡುವ ಹೊತ್ತಿಗೆ ಅದರ ಲ್ಯಾನ್ ಪೋರ್ಟ್‌ಗೆ ಚುಚ್ಚಿ. ನಡುವೆ ಇರುವುದೆಲ್ಲ ಗಿಗಾಬಿಟ್ (1000 ಎಂಬಿಪಿಎಸ್) ಆಗಿದ್ದು ಡಿಸ್ಕ್ ಸಾಥ್ ಕೊಟ್ಟರೆ ಸೆಕೆಂಡಿಗೆ 100 ಎಂಬಿ ಬರುತ್ತದೆ. 50 ಜಿಬಿ ಎಂಟು ಒಂಬತ್ತು ನಿಮಿಷ.

ನಡುವೆ ಒಂದು ಕಡೆ ಎಡವಿದರೂ ಇದು ಬರುವುದಿಲ್ಲ. ಹಳೇ ರೂಟರ್‌ಗಳ ಪೋರ್ಟ್ 100 ಎಂಬಿಪಿಎಸ್ ಮಾತ್ರ ಇರುತ್ತದೆ. ಅದು ಬಿಟ್ ಲೆಕ್ಕ, ಎಂಟರಿಂದ ಭಾಗಿಸಿದರೆ 12.5 ಎಂಬಿ, ಕೈಗೆ ಸಿಗುವುದು 11ರ ಹತ್ತಿರ. ಒಂದೂಕಾಲು ಗಂಟೆ ಆಯಿತು. ಇನ್ನು ಕೇಬಲ್. ಒಂದು ಮನೆಯಲ್ಲಿ ರೂಟರ್ ಹೊಸದು, ಕಂಪ್ಯೂಟರ್ ಹೊಸದು, ಆದರೂ 11ರ ಮೇಲೆ ಏರುತ್ತಲೇ ಇರಲಿಲ್ಲ. ಕೇಬಲ್‌ನ ತುದಿಯ ಪ್ಲಾಸ್ಟಿಕ್ ಪ್ಲಗ್ ಬೆಳಕಿಗೆ ಹಿಡಿದು ನೋಡಿದೆ. ಎಂಟು ತಂತಿ ಇರಬೇಕಾದಲ್ಲಿ ನಾಲ್ಕೇ ತಂತಿ ಕ್ರಿಂಪ್ ಮಾಡಿದ್ದರು. ಉಳಿದ ನಾಲ್ಕನ್ನು ಕತ್ತರಿಸಿ ಬಿಟ್ಟಿದ್ದರು. ನಾಲ್ಕು ತಂತಿಯಲ್ಲಿ 100 ಎಂಬಿಪಿಎಸ್ ಓಡುತ್ತದೆ, ಗಿಗಾಬಿಟ್‌ಗೆ ಎಂಟೂ ಬೇಕು. ಹೊಸ ಪ್ಲಗ್ ಹಾಕಿದ ಮೇಲೆ ಸರಿಹೋಯಿತು. ನೀವೂ ಸೆಟ್ಟಿಂಗ್ಸ್‌ನಲ್ಲಿ ಲಿಂಕ್ ಸ್ಪೀಡ್ 1000 ಇದೆಯಾ, 100 ಇದೆಯಾ ನೋಡಿ, ಆಮೇಲೆ ಪ್ಲಗ್ ಬೆಳಕಿಗೆ ಹಿಡಿಯಿರಿ. ಹೊಸ ಕೇಬಲ್ ಎಳೆಸುವುದಾದರೆ ಕ್ಯಾಟ್ 6 ಹಾಕಿಸಿ. ಮನೆಯ ಹೊರಗೋಡೆ ಮೇಲೆ ಬೇಡ, ಮೆಟ್ಟಿಲ ಪಕ್ಕದಲ್ಲಿ ಒಳಗಿಂದಲೇ ಬರಲಿ. ನಿಮ್ಮ ಕಡೆ ಮುಂಗಾರಿನ ಮೊದಲ ಸಿಡಿಲಿಗೆ ಎಷ್ಟು ರೂಟರ್ ಸುಡುತ್ತವೆ ಅಂತ ನಿಮಗೇ ಗೊತ್ತು.

ಕಾಪಿ ಮಾಡಿಕೊಂಡೇ ಕೆಲಸ ಮಾಡಿ. ಫೋಟೊಶಾಪ್‌ನಲ್ಲಿ ನೆಟ್‌ವರ್ಕಿನ ಫೈಲನ್ನು ನೇರ ತೆರೆದು ಅಲ್ಲೇ ಸೇವ್ ಮಾಡಬೇಡಿ. ಅಡೋಬಿಯವರೂ ಹೇಳುವುದು ಮೊದಲು ಸ್ವಂತ ಡಿಸ್ಕಿಗೆ ಸೇವ್ ಮಾಡಿ, ಆಮೇಲೆ ಸಾಗಿಸಿ ಅಂತಲೇ.

ಬೇರೆ ದಾರಿಗಳು

ಮೆಷಿನ್ ಏನೂ ಕೊಳ್ಳಬೇಡಿ, ಈಗಲೇ. ನಾಸ್ ಅನ್ನುವ, ನೆಟ್‌ವರ್ಕಿಗೇ ಜೋಡಿಸುವ ಹಾರ್ಡ್ ಡಿಸ್ಕಿನ ಪೆಟ್ಟಿಗೆ ಒಳ್ಳೆಯದೇ, ಆದರೆ ಮೂರನೇ ಕಂಪ್ಯೂಟರ್ ಬಂದ ದಿನ ಯೋಚಿಸಿ. ರೂಟರ್ ಹಿಂದಿನ ಯುಎಸ್‌ಬಿಗೆ ಹಾರ್ಡ್ ಡಿಸ್ಕ್ ಚುಚ್ಚುವ ಉಪಾಯ ಸೋವಿ ಅನ್ನಿಸುತ್ತದೆ. ಹಳೇ ರೂಟರ್‌ಗಳಲ್ಲಿ ಎಷ್ಟೋ ಎಸ್‌ಎಂಬಿ 1 ಮಾತ್ರ ಆಡುತ್ತವೆ, ನಾವು ತಾನೇ ಅದನ್ನು ಮನೆಯಿಂದ ಹೊರಗೆ ಹಾಕಿದ್ದು.

ಅಪರೂಪಕ್ಕೆ ಹತ್ತಿಪ್ಪತ್ತು ಫೈಲ್ ಕಳಿಸಬೇಕು, ಫೋನಿನಿಂದಲೂ ಬರಬೇಕು ಅಂದರೆ ಲೋಕಲ್‌ಸೆಂಡ್ ಅನ್ನುವ ಉಚಿತ ಆ್ಯಪ್ ಇದೆ. ಎರಡೂ ಕಡೆ ಹಾಕಿ ತೆರೆದಿಟ್ಟರೆ ಸಾಕು, ಖಾತೆ ಬೇಡ, ಪಾಸ್‌ವರ್ಡ್ ಬೇಡ. ಗೊತ್ತಿಲ್ಲದ ಹೆಸರಿನಿಂದ ಫೈಲ್ ಬಂದರೆ ಒಪ್ಪಿಕೊಳ್ಳಬೇಡಿ. 50 ಜಿಬಿಗೆ ಇದು ನನಗೆ ಇಷ್ಟವಿಲ್ಲ, ನಡುವೆ ನಿಂತರೆ ಯಾವುದು ಹೋಯಿತು ಯಾವುದು ಇಲ್ಲ ಅಂತ ಎಣಿಸುತ್ತ ಕೂರಬೇಕು. ಗೂಗಲ್ ಡ್ರೈವ್‌ನಂಥದ್ದು ಬೇಡವೇ ಬೇಡ. ಕೆಳಗಿನಿಂದ ಮೇಲಕ್ಕೆ ಹೋಗಲು ಬೆಂಗಳೂರು ಸುತ್ತಿ ಬಂದಂತೆ. ನೀವು ಹೆದರಿದ ನೆಟ್ ಪ್ಯಾಕ್ ಖಾಲಿ ಆಗುವುದು ಅಲ್ಲಿ, ಅದೂ ಎರಡೆರಡು ಸಲ.

ಕೇಬಲ್ ಎಳೆಯಲು ಆಗುವುದೇ ಇಲ್ಲ ಅಂದರೆ? ಪೆನ್‌ಡ್ರೈವ್ ಬಿಟ್ಟು ಒಂದು ಯುಎಸ್‌ಬಿ 3 ಎಸ್‌ಎಸ್‌ಡಿ (ಪೆನ್‌ಡ್ರೈವ್‌ಗಿಂತ ವೇಗದ ಡಿಸ್ಕ್) ಕೊಂಡು ಮೆಟ್ಟಿಲು ಹತ್ತಿ. ನಾಚಿಕೆ ಏನಿಲ್ಲ. ನಾನೂ ದೊಡ್ಡ ಕೆಲಸಕ್ಕೆ ಹಾಗೇ ಮಾಡುತ್ತೇನೆ. ಜಾಗ ಇದ್ದರೂ ಪೆನ್‌ಡ್ರೈವ್ 'ಫೈಲ್ ದೊಡ್ಡದಾಯಿತು' ಅಂದರೆ ಅದು ಫ್ಯಾಟ್32 ಅನ್ನುವ ಹಳೇ ವಿಧಾನದಲ್ಲಿ ಫಾರ್ಮ್ಯಾಟ್ ಆಗಿರುತ್ತದೆ, 4 ಜಿಬಿ ಮೀರಿದ ಒಂದೇ ಫೈಲನ್ನು ಅದು ಹಿಡಿಯುವುದಿಲ್ಲ. ಎಕ್ಸ್‌ಫ್ಯಾಟ್ ಮಾಡಿ ಫಾರ್ಮ್ಯಾಟ್ ಮಾಡಿದರೆ ಸರಿ. ಒಳಗಿದ್ದದ್ದು ಅಳಿಸಿಹೋಗುತ್ತದೆ, ಮೊದಲು ಬೇರೆ ಕಡೆ ಇಟ್ಟುಕೊಳ್ಳಿ.

ಲಗ್ನಪತ್ರಿಕೆಯ ಅಕ್ಷರ

ಫೈಲ್ ಕೆಟ್ಟಿಲ್ಲ, ಗಾಬರಿ ಬೇಡ. ನುಡಿ 01 ಇ ಥರದ ಹಳೇ ಫಾಂಟ್‌ಗಳಲ್ಲಿ ಫೈಲಿನ ಒಳಗೆ ಇರುವುದು ಕನ್ನಡ ಅಲ್ಲ, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಫಾಂಟ್ ಅವಕ್ಕೆ ಕನ್ನಡದ ಅಂಗಿ ತೊಡಿಸುತ್ತದೆ. ಮೇಲಿನ ಲ್ಯಾಪ್‌ಟಾಪ್‌ನಲ್ಲಿ ಆ ಫಾಂಟ್ ಇಲ್ಲ. ಅಂಗಿ ಇಲ್ಲದೆ ಒಳಗಿದ್ದದ್ದೇ ಕಾಣುತ್ತದೆ. ಅದಕ್ಕೇ 'ನ' ಇರಬೇಕಾದ ಕಡೆಯೆಲ್ಲ ನಿಮಗೆ ಪೌಂಡ್ ಚಿಹ್ನೆ ಕಂಡಿರುತ್ತದೆ. ಲ್ಯಾಪ್‌ಟಾಪ್‌ನಲ್ಲೂ ನುಡಿ ಹಾಕಿಕೊಳ್ಳಿ, ಅದೇ ಫೈಲ್ ಸರಿಯಾಗಿ ತೆರೆಯುತ್ತದೆ. ಹೊಸ ಪತ್ರಿಕೆಗಳನ್ನು ಎಲ್ಲ ಕಂಪ್ಯೂಟರ್‌ಗೂ ಅರ್ಥವಾಗುವ ಯುನಿಕೋಡ್‌ನಲ್ಲಿ ಟೈಪ್ ಮಾಡಿದರೆ ಈ ರಗಳೆ ಇರುವುದಿಲ್ಲ, ಆದರೆ ನಿಮ್ಮ ಡಿಸೈನ್ ಸಾಫ್ಟ್‌ವೇರ್ ಹಳೆಯದಾಗಿದ್ದರೆ ಒತ್ತಕ್ಷರ ಒಡೆದು ಕಾಣಬಹುದು. ಮೊದಲು ಒಂದು ಪತ್ರಿಕೆ ಮಾಡಿ, ಹೆಸರುಗಳಲ್ಲಿ ಒತ್ತು, ದೀರ್ಘ ಎಲ್ಲ ಸರಿ ಬಂದಿವೆಯಾ ನೋಡಿ, ಆಮೇಲೆ ಪ್ರೆಸ್ಸಿಗೆ ಪಿಡಿಎಫ್ ಕಳಿಸಿ.